ಚೇಳೂರಿಗೆ 18 ಬೈಟು: ಪಿಎಚ್‌ಪಿ ಕಥೆಯೊಳಗೆ ಕನ್ನಡ

ಚೇಳೂರಿನಿಂದ ಮಾತಾಡ್ತಿದೀನಿ. ಹಲಸಿನ ಸೀಸನ್ನಲ್ಲಿ ನಮ್ಮೂರು ಸುಮಾರು ಜನಕ್ಕೆ ಗೊತ್ತು, ಉಳಿದ ದಿನ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ ಅಷ್ಟೇ. ವೆಬ್ ಪುಟದ ಒಳಗೇ ಪ್ರೋಗ್ರಾಂ ಬರೆಯೋ ಪದ್ಧತಿ ಹೇಗೆ ಬಂತು, ಅದರಲ್ಲಿ ಕನ್ನಡದ ಗತಿ ಏನಾಯ್ತು ಅನ್ನೋದು ಇವತ್ತಿನ ವಿಷಯ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಬಿಲ್ ಬುಕ್ಕಿಂದಲೇ ಶುರು ಮಾಡ್ತೀನಿ.

ಬಿಲ್ ಬುಕ್ಕಿನಲ್ಲಿ ಅಂಗಡಿ ಹೆಸರು, ಗೆರೆ, ಕಾಲಂ ಎಲ್ಲಾ ಮೊದಲೇ ಅಚ್ಚಾಗಿರುತ್ತೆ. ನಾವು ತುಂಬೋದು ಗಿರಾಕಿ ಹೆಸರು, ತೂಕ, ಮೊತ್ತ ಮಾತ್ರ. 1990ರ ದಶಕದ ಮೊದಲಲ್ಲಿ ವೆಬ್ ಇದಕ್ಕೆ ಉಲ್ಟಾ ಇತ್ತು. ಸಿಜಿಐ ಅನ್ನೋ ವ್ಯವಸ್ಥೆಯಲ್ಲಿ ಪರ್ಲ್ ಅಥವಾ ಸಿ ಭಾಷೆಯ ಪ್ರೋಗ್ರಾಮೇ ಇಡೀ ಪುಟವನ್ನು ಸಾಲು ಸಾಲಾಗಿ ಬರೆದು ಕೊಡಬೇಕಿತ್ತು. ಅಂದ್ರೆ ಪ್ರತಿ ಗಿರಾಕಿಗೂ ಹೊಸದಾಗಿ ಗೆರೆ ಎಳೆದು, ಆಮೇಲೆ ಲೆಕ್ಕ.

ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ, ತನ್ನ ರೆಸ್ಯೂಮೆ ಯಾರ‍್ಯಾರು ನೋಡ್ತಾರೆ ಅಂತ ತಿಳಿಯೋಕೆ ಸಣ್ಣ ಸಲಕರಣೆಗಳನ್ನ ಬರೆದುಕೊಂಡ. 1995ರ ಜೂನ್‌ನಲ್ಲಿ ಅವನ್ನ ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಬೆಳೆದು ಪಿಎಚ್‌ಪಿ ಆಯ್ತು. ಎಚ್‌ಟಿಎಂಎಲ್ ಪುಟ ಹಾಗೇ ಇರುತ್ತೆ, ನಡುವೆ ಗುರುತು ಹಾಕಿದ ಜಾಗದಲ್ಲಿ ಕೋಡ್. ಸರ್ವರ್ ಆ ಜಾಗ ತುಂಬಿ ಕಳಿಸುತ್ತೆ, ಓದುವವರಿಗೆ ಕೋಡ್ ಕಾಣೋದೇ ಇಲ್ಲ. ಮೈಕ್ರೋಸಾಫ್ಟ್ 1996ರಲ್ಲಿ ಎಎಸ್‌ಪಿ ತಂತು, ಸನ್ ಕಂಪನಿ 1999ರಲ್ಲಿ ಜೆಎಸ್‌ಪಿ.

ಕೋಡು, ಪುಟ ಎರಡನ್ನೂ ಕಲಸಿದ್ದಕ್ಕೆ ಬೈದವರು ಬಹಳ. ಬೈಗುಳ ಸುಳ್ಳೂ ಅಲ್ಲ, ಪುಟ ದೊಡ್ಡದಾದಂತೆ ಎಲ್ಲಿ ಏನಿದೆ ಅಂತ ಹುಡುಕೋದೇ ಕೆಲಸ ಆಗುತ್ತೆ. ಆದ್ರೆ ಬಾಗಿಲು ತೆರೆದಿದ್ದು ಇದೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯೋದು ಪಿಎಚ್‌ಪಿಯ ಮೀಡಿಯಾವಿಕಿ ಮೇಲೆ. 2005ರ 'ಸಂಪದ' ತಾಣ ಕಟ್ಟಿದ್ದು ಪಿಎಚ್‌ಪಿಯದ್ದೇ ಡ್ರೂಪಲ್‌ನಲ್ಲಿ.

ಈಗ ಅಸಲಿ ವಿಷಯಕ್ಕೆ ಬರೋಣ. ಪಿಎಚ್‌ಪಿಯಲ್ಲಿ ಪದದ ಉದ್ದ ಅಳೆಯೋಕೆ 'ಸ್ಟ್ರ್‌ಲೆನ್' ಅಂತ ಒಂದು ಆಜ್ಞೆ ಇದೆ. ಇಂಗ್ಲಿಷಿನಲ್ಲಿ ಚೇಳೂರು ಅಂತ ಆರು ಅಕ್ಷರದಲ್ಲಿ ಬರೆದು ಕೊಡಿ, 6 ಅನ್ನುತ್ತೆ. ಕನ್ನಡದಲ್ಲಿ ಕೊಡಿ, 18 ಅನ್ನುತ್ತೆ! ಅದು ಎಣಿಸೋದು ಅಕ್ಷರವನ್ನಲ್ಲ, ಬೈಟನ್ನ. ಯುಟಿಎಫ್-8ರಲ್ಲಿ ಚ, ಅದರ ಏತ್ವ, ಳ, ಅದರ ದೀರ್ಘ, ರ, ಅದರ ಕೊಂಬು, ಒಂದೊಂದಕ್ಕೂ ಮೂರು ಬೈಟು. ಹತ್ತಕ್ಕೆ ಕತ್ತರಿಸು ಅಂದ್ರೆ 'ಚೇಳ' ಉಳಿದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕದ ಡಬ್ಬಿ. ಕನ್ನಡ ತಲೆಬರಹಗಳ ಕೊನೆಯಲ್ಲಿ ನೀವು ನೋಡಿರೋ ಆ ಡಬ್ಬಿಗಳ ಒಂದು ಮೂಲ ಇದು. ಹೆಸರಿಗೆ 30 ಬೈಟ್ ಜಾಗ ಇಟ್ಟ ಫಾರಂನಲ್ಲಿ ಇಂಗ್ಲಿಷಿಗೆ 30 ಅಕ್ಷರ ಹಿಡಿಸುತ್ತೆ, ನಮಗೆ ಹತ್ತೇ ಚಿಹ್ನೆ. ಅಪ್ಪನ ಹೆಸರು ಅರ್ಧಕ್ಕೇ ನಿಂತ್ರೆ ನಗೋ ವಿಷಯ ಅಲ್ಲ.

ಸರಿಮಾಡೋ ಪ್ರಯತ್ನ ಆಗಿತ್ತು. ಭಾಷೆಯ ಬುಡಕ್ಕೇ ಯೂನಿಕೋಡ್ ಸೇರಿಸ್ತೀವಿ ಅಂತ 2005ರಲ್ಲಿ ಪಿಎಚ್‌ಪಿ 6 ಕೆಲಸ ಶುರುವಾಯ್ತು, 2010ರಲ್ಲಿ ಕೈಬಿಟ್ರು. ಅದಕ್ಕೇ 5 ಆದ ಮೇಲೆ ನೇರ 7 ಬಂತು, 2015ರಲ್ಲಿ. 6 ಅಂತ ಬಿಡುಗಡೆಯಾಗಲೇ ಇಲ್ಲ. ಉಳಿದಿದ್ದು ಹೊರಗಿಂದ ಸೇರಿಸೋ ಸಲಕರಣೆಗಳು. 2009ರ ಪಿಎಚ್‌ಪಿ 5.3 ಜೊತೆ ಬಂದ 'ಗ್ರಾಫೀಮ್' ಆಜ್ಞೆಗಳು ಚೇಳೂರನ್ನ ಸರಿಯಾಗಿ ಮೂರು ಅಕ್ಷರ ಅಂತ ಎಣಿಸ್ತವೆ.

ಗುಬ್ಬಿ ಕೊಟ್ಟು ನೋಡಿ, ಅದಕ್ಕೂ ಮೂರು: ಗು, ಬ್, ಬಿ. ಒತ್ತಕ್ಷರ ಒಡೆದುಹೋಗುತ್ತೆ. 2023ರಲ್ಲಿ ಬಂದ ಯೂನಿಕೋಡ್ 15.1 ಒತ್ತಕ್ಷರ ಒಡೆಯದ ನಿಯಮ ತಂತು. ದೇವನಾಗರಿ, ತೆಲುಗು, ಮಲಯಾಳ ಆ ಪಟ್ಟಿಯಲ್ಲಿದ್ವು, ಕನ್ನಡ ಇರಲಿಲ್ಲ.