ಹಳೆಯ ಟಿವಿಯಲ್ಲಿ ‘ಕೆಂಪು ಪಾದರಸ’ ಇದೆಯೇ? ನಿಜವಾದ ಪಾದರಸದ ಕಥೆ ಇಲ್ಲಿದೆ

“ಹಳೆಯ ಟಿವಿ, ವಾಲ್ವ್ ರೇಡಿಯೊದಲ್ಲಿ ಕೆಂಪು ಪಾದರಸ ಇರುತ್ತದೆ, ಬೆಲೆ ಕೋಟಿ ರೂಪಾಯಿ. ಬಂಗಾರ ಹಿಡಿದರೆ ಹತ್ತಿರ ಬರುತ್ತದೆ, ಬೆಳ್ಳುಳ್ಳಿ ಕಂಡರೆ ದೂರ ಓಡುತ್ತದೆ.” ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡಬೇಡಿ. ಅಂಥ ಲೋಹವೇ ಇಲ್ಲ.

ವಾಲ್ವ್‌ನ ಗಾಜಿನೊಳಗೆ ಕಾಣುವ ಬೆಳ್ಳಿ ಹೊಳಪು ಸಾಮಾನ್ಯವಾಗಿ ಬೇರಿಯಂ ಲೇಪ. ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಲು ಅದನ್ನು ಹಾಕುತ್ತಿದ್ದರು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳ ಸುತ್ತ ಹಬ್ಬಿ, ಜನ ಅವುಗಳಿಗೆ ವಿಪರೀತ ಹಣ ಸುರಿದಿದ್ದರು. ಈ ಆಸೆಗೆ ಬಿದ್ದು ಟಿವಿಯ ಪಿಕ್ಚರ್ ಟ್ಯೂಬ್ ಒಡೆದರೆ ಗಾಜು ಸಿಡಿದು ಕಣ್ಣು ಹೋದೀತು.

ನಿಜವಾದ ಪಾದರಸ ಬೆಳ್ಳಿ ಬಣ್ಣದ್ದು. ಪರಮಾಣು ಸಂಖ್ಯೆ 80. ನಮ್ಮ ಕೋಣೆಯ ತಾಪಮಾನದಲ್ಲಿ ದ್ರವವಾಗಿರುವ ಲೋಹ ಇದು. ಗಟ್ಟಿಯಾಗಲು ಮೈನಸ್ 39 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ಒಂದು ಲೀಟರ್ ಬಾಟಲಿಗೆ ತುಂಬಿದರೆ ಹದಿಮೂರೂವರೆ ಕಿಲೊ ತೂಗುತ್ತದೆ, ಅದರ ಮೇಲೆ ಕಬ್ಬಿಣದ ಗುಂಡು ತೇಲುತ್ತದೆ. ಅದರ ಅದಿರು ಮಾತ್ರ ಕೆಂಪು. ಅದೇ ಇಂಗಳೀಕ, ಅಂದರೆ ಪಾದರಸ ಮತ್ತು ಗಂಧಕ ಸೇರಿದ ಖನಿಜ.

ಬಂಗಾರದ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಪಾದರಸ ಚಿನ್ನವನ್ನು ಎಳೆಯುವುದಿಲ್ಲ, ಆದರೆ ತಾಗಿದರೆ ಅದರೊಳಗೆ ಬೆರೆಯುತ್ತದೆ. ಕೋಲಾರದ ಗಣಿಗಳಲ್ಲೂ ಒಂದು ಕಾಲಕ್ಕೆ ಪುಡಿ ಮಾಡಿದ ಅದಿರಿನಿಂದ ಚಿನ್ನ ಹಿಡಿಯಲು ಪಾದರಸ ಬಳಸುತ್ತಿದ್ದರು. ಕೀಳು ಲೋಹವನ್ನು ಚಿನ್ನ ಮಾಡುವ ವಿದ್ಯೆಗೆ ನಾವು ‘ರಸವಾದ’ ಎನ್ನುವುದೂ ಇದೇ ‘ರಸ’ದಿಂದ. ಹಾಗಾಗಿ ಪಾದರಸದ ಹೆಸರಲ್ಲಿ ದುಡ್ಡಿನ ಆಸೆ ಹುಟ್ಟಿಸುವುದು ಹೊಸದೇನಲ್ಲ!

1643ರಲ್ಲಿ ಇಟಲಿಯ ಟೊರಿಚೆಲ್ಲಿ ಗಾಜಿನ ನಳಿಕೆಯಲ್ಲಿ ಪಾದರಸ ತುಂಬಿ ಗಾಳಿಯ ಒತ್ತಡ ಅಳೆದರು. ಡಾಕ್ಟರು ನಿಮ್ಮ ಬಿಪಿ 120/80 ಎಂದಾಗಲೂ ಲೆಕ್ಕ ಪಾದರಸದ ಮಿಲಿಮೀಟರ್‌ನಲ್ಲೇ.

ಹಾಗಾದರೆ ಅಪಾಯ ಎಲ್ಲಿದೆ? ಮುಖ್ಯವಾಗಿ ಉಸಿರಿನಲ್ಲಿ. ಚೆಲ್ಲಿದ ಪಾದರಸ ನಿಧಾನವಾಗಿ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಚ್ಚಾದರೆ ಶ್ವಾಸಕೋಶ, ನರಮಂಡಲ, ಮೂತ್ರಪಿಂಡಕ್ಕೆ ಪೆಟ್ಟು. ನೀರಿಗೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ವಿಷಕಾರಿಯಾದ ಮೀಥೈಲ್ ಪಾದರಸವಾಗಿಸುತ್ತವೆ, ಅದು ಮೀನಿಗೆ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ತ್ಯಾಜ್ಯದಲ್ಲಿದ್ದ ಮೀಥೈಲ್ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತ್ತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಪಾದರಸದ ಬಳಕೆ ತಗ್ಗಿಸುವ 2013ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅದೇ ಊರಿನ ಹೆಸರು.

ಮನೆಯಲ್ಲಿ ಹಳೆಯ ಜ್ವರದ ಥರ್ಮಾಮೀಟರ್ ಒಡೆದರೆ ಗಾಬರಿ ಬೇಡ, ಅದರಲ್ಲಿರುವುದು ಹೆಚ್ಚುಕಡಿಮೆ ಒಂದು ಗ್ರಾಂ. ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಫ್ಯಾನ್ ಮತ್ತು ಎಸಿ ಆರಿಸಿ. ಉಂಗುರ, ಬಳೆ ಬಿಚ್ಚಿಡಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಹನಿಗಳು ಚೂರಾಗಿ ಎಲ್ಲೆಡೆ ಹರಡುತ್ತವೆ. ಕೈಗೆ ಗ್ಲೌಸ್ ಹಾಕಿ, ಎರಡು ದಪ್ಪ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ. ಟಾರ್ಚ್ ಬೆಳಕಿನಲ್ಲಿ ಮೂಲೆಗಳನ್ನು ಹುಡುಕಿ, ಸಣ್ಣ ಹನಿಗಳನ್ನು ಟೇಪ್‌ಗೆ ಅಂಟಿಸಿ ತೆಗೆಯಿರಿ. ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ‘ಪಾದರಸ’ ಎಂದು ಬರೆದು ಕಸದವರಿಗೆ ಬೇರೆಯಾಗಿ ಕೊಡಿ. ಸಿಂಕಿಗೆ ಸುರಿಯಬೇಡಿ. ಮಗು ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ ವೈದ್ಯರಿಗೆ ತೋರಿಸಿ. ಥರ್ಮಾಮೀಟರಿನಷ್ಟು ಪಾದರಸ ಸಾಮಾನ್ಯವಾಗಿ ಮಲದ ಜೊತೆ ಹೊರಹೋಗುತ್ತದೆ, ಆದರೆ ಗಾಜಿನ ಚೂರು ಹೋಗಿದೆಯೇ ಎಂದು ನೋಡಬೇಕಾಗುತ್ತದೆ.