ನೆವಾಡ: ಮರುಭೂಮಿಗೆ ಹಿಮದ ಹೆಸರು

ನೆವಾಡ (ನಾ.): ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮದ ಒಂದು ರಾಜ್ಯ. ಸ್ಪ್ಯಾನಿಷ್‌ನಲ್ಲಿ ಈ ಪದಕ್ಕೆ ‘ಹಿಮ ಹೊದ್ದ’ ಎಂದರ್ಥ. ‘ನೆವಾರ್’ ಎಂದರೆ ಹಿಮ ಬೀಳು, ‘ನಿಯೆವೆ’ ಎಂದರೆ ಹಿಮ. ಇವುಗಳ ಮೂಲ ಲ್ಯಾಟಿನ್ನಿನ ‘ನಿಕ್ಸ್’. ಫ್ರೆಂಚಿನ ‘ನೇಜ್’, ಇಟಾಲಿಯನ್ನಿನ ‘ನೇವೆ’ ಅದೇ ಬಳ್ಳಿಯವು. ಇಂಗ್ಲಿಷಿನ ‘ಸ್ನೋ’ ದೂರದ ನಂಟು. ಕೊಲಂಬಿಯದ ‘ನೆವಾಡೊ ದೆಲ್ ರೂಯಿಸ್’ ಜ್ವಾಲಾಮುಖಿಯ ಹೆಸರಿನಲ್ಲಿರುವುದು ಇದರ ಪುಲ್ಲಿಂಗ ರೂಪ.

ಹೆಸರು ಮೊದಲು ಅಂಟಿದ್ದು ನಾಡಿಗಲ್ಲ, ಬೆಟ್ಟಸಾಲಿಗೆ. ಸ್ಪೇನಿನಲ್ಲಿ ಗ್ರನಾಡಾದ ಬಳಿ ಒಂದು ‘ಸಿಯೆರಾ ನೆವಾಡ’ ಇದೆ; ಅಮೆರಿಕದ ಅದೇ ಹೆಸರಿನ ಶ್ರೇಣಿಯ ಬಹುಪಾಲು ಕ್ಯಾಲಿಫೋರ್ನಿಯದಲ್ಲಿದೆ. ಅದರ ಪೂರ್ವದ ಮಗ್ಗುಲಿನ ಸೀಮೆಯಲ್ಲಿ 1859ರಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ನಿಕ್ಷೇಪ ಪತ್ತೆಯಾಗಿ ಜನ ನುಗ್ಗಿದರು. ಯೂಟಾದಿಂದ ಬೇರ್ಪಟ್ಟ ಈ ಸೀಮೆ 1861ರಲ್ಲಿ ನೆವಾಡ ಪ್ರಾಂತ್ಯವಾಯಿತು. ಅಂತರ್ಯುದ್ಧದ ನಡುವೆ, 1864ರ ಅಕ್ಟೋಬರ್ 31ರಂದು, 36ನೇ ರಾಜ್ಯವಾಯಿತು. ‘ಯುದ್ಧದಲ್ಲಿ ಹುಟ್ಟಿದ್ದು’ ಎಂಬ ಧ್ವಜವಾಕ್ಯವೂ ‘ಬೆಳ್ಳಿಯ ರಾಜ್ಯ’ ಎಂಬ ಅಡ್ಡಹೆಸರೂ ಆ ಕಾಲದ ನೆನಪುಗಳು.

ಹೆಸರಿನಲ್ಲಿ ಹಿಮವಿದ್ದರೂ ಅಮೆರಿಕದಲ್ಲೇ ಅತಿ ಕಡಿಮೆ ಮಳೆ ಬೀಳುವ ರಾಜ್ಯವಿದು. ಸಿಯೆರಾ ಶ್ರೇಣಿಯೇ ಪೆಸಿಫಿಕ್‌ನಿಂದ ಬರುವ ಮೋಡಗಳನ್ನು ತಡೆಯುತ್ತದೆ. ಕನ್ನಡದಲ್ಲಿ ರೂಢಿಯಲ್ಲಿರುವ ‘ನೆವಾಡ’ ಸ್ಪ್ಯಾನಿಷ್ ಉಚ್ಚಾರಣೆಗೆ ಹತ್ತಿರ. ಆ ರಾಜ್ಯದವರು ಮಾತ್ರ ‘ನೆವ್ಯಾಡ’ ಎನ್ನುತ್ತಾರೆ.