ಮೂರನೆಯ ಸಲದ ಲೆಕ್ಕ

ಸಂಜೆ ದೀಪ ಹತ್ತಿದ ಮೇಲೆ ನಿಮ್ಮ ಮನೆಯ ಮಗು ಲೆಕ್ಕದ ಪುಸ್ತಕ ಹಿಡಿದು ಕುಳಿತಿರುವುದನ್ನು ನೀವು ನೋಡಿಯೇ ಇರುತ್ತೀರಿ. ತಾನು ಮಾಡಿದ ಉತ್ತರ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೆ ಹೊಂದದೆ ಹೋದರೆ, "ನನಗೆ ಲೆಕ್ಕ ಬರುವುದಿಲ್ಲ" ಎಂದು ಅದು ಪುಸ್ತಕ ಮುಚ್ಚಿಬಿಡುತ್ತದೆ. ಒಂದು ಲೆಕ್ಕ ತಪ್ಪುವುದು ಬೇರೆ, ಲೆಕ್ಕವೇ ಬಾರದಿರುವುದು ಬೇರೆ. ಇವೆರಡರ ನಡುವಣ ಅಂತರವನ್ನು ಪ್ಯಾರಿಸ್ ನಗರದ ಸೋಫಿ ಜರ್ಮೇನಳಷ್ಟು ಚೆನ್ನಾಗಿ ತೋರಿಸಿಕೊಟ್ಟವರು ವಿರಳ.

ಆಕೆ ಹುಟ್ಟಿದ್ದು 1776ರಲ್ಲಿ. 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಮೊದಲಾದಾಗ ಬೀದಿಯ ಗಲಭೆಗೆ ಹೆದರಿ ಮನೆಯೊಳಗೇ ಉಳಿದ ಈ ಹುಡುಗಿಗೆ ತಂದೆಯ ಪುಸ್ತಕಭಂಡಾರವೇ ಜೊತೆಯಾಯಿತು. ರೇಖಾಗಣಿತದಲ್ಲಿ ಮೈಮರೆತಿದ್ದಾಗಲೇ ಸೈನಿಕನ ಕತ್ತಿಗೆ ಬಲಿಯಾದ ಆರ್ಕಿಮಿಡೀಸನ ಕಥೆಯನ್ನೋದಿ, ಪ್ರಾಣಭಯವನ್ನೂ ಮರೆಸುವ ಆ ವಿದ್ಯೆ ಎಂಥದಿರಬಹುದೆಂದು ಆಕೆಗೆ ಕುತೂಹಲ ಹುಟ್ಟಿತು. ಹೆಣ್ಣುಮಕ್ಕಳಿಗೆ ಗಣಿತ ತಕ್ಕದ್ದಲ್ಲವೆಂದು ಹೆತ್ತವರು ರಾತ್ರಿ ಮೇಣದ ಬತ್ತಿಯನ್ನೂ ಬೆಚ್ಚನೆಯ ಬಟ್ಟೆಯನ್ನೂ ಕಿತ್ತಿಟ್ಟರಂತೆ. ಆಕೆ ಬಚ್ಚಿಟ್ಟಿದ್ದ ಬತ್ತಿ ಹೊತ್ತಿಸಿ, ಕಂಬಳಿ ಹೊದೆದು ಓದಿದಳು. 1794ರಲ್ಲಿ ತೆರೆದ ಎಕೋಲ್ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಉಪನ್ಯಾಸಗಳ ಟಿಪ್ಪಣಿ ತರಿಸಿಕೊಂಡು, ಲೆಬ್ಲಾಂಕ್ ಎಂಬ ಗಂಡಸಿನ ಹೆಸರಿನಲ್ಲಿ ತನ್ನ ಬರಹವನ್ನು ಕಳುಹಿಸಿದಳು. ಗಣಿತಜ್ಞ ಲಗ್ರಾಂಜ್ ಗುಟ್ಟು ತಿಳಿದ ಮೇಲೂ ಆಕೆಯನ್ನು ಮೆಚ್ಚಿ ಪ್ರೋತ್ಸಾಹಿಸಿದನು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಲೋಹದ ತಗಡಿನ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನನ್ನು ಎಳೆದರೆ, ಮರಳು ಕುಣಿದು ಕುಣಿದು, ಅಲುಗದ ಗೆರೆಗಳ ಮೇಲೆ ನಿಂತು ರಂಗೋಲಿಯಂತಾಗುತ್ತದೆ. ಜರ್ಮನಿಯ ಕ್ಲಾಡ್ನಿ ಇದನ್ನು ಪ್ಯಾರಿಸಿನಲ್ಲಿ ತೋರಿಸಿದಾಗ, ಇದರ ಗಣಿತವನ್ನು ಹೇಳಿದವರಿಗೆ ಬಹುಮಾನವೆಂದು ಅಲ್ಲಿಯ ವಿದ್ವತ್ಸಂಸ್ಥೆ ಸಾರಿತು.

1811ರಲ್ಲಿ ಬಂದ ಉತ್ತರ ಒಂದೇ, ಸೋಫಿಯದು. ಅದರಲ್ಲಿ ತಪ್ಪುಗಳಿದ್ದವು, ಬಹುಮಾನ ಸಿಗಲಿಲ್ಲ. ಆದರೆ ಆಕೆಯ ಮೂಲ ಊಹೆಯನ್ನೇ ಹಿಡಿದು ಲಗ್ರಾಂಜ್ ಸರಿಯಾದ ಸಮೀಕರಣವನ್ನು ಪಡೆದನು. 1813ರಲ್ಲಿ ಆಕೆ ಮತ್ತೆ ಬರೆದಳು. ಆ ಸಮೀಕರಣ ಕೆಲವು ಮರಳಿನ ಚಿತ್ರಗಳಿಗೆ ಹೊಂದುವುದೆಂದು ತೋರಿಸಿದಳಾದರೂ ಸಾಧನೆಯ ಹಾದಿ ತೃಪ್ತಿಕರವಾಗಿರಲಿಲ್ಲ; ಬರಿಯ ಪ್ರಶಂಸೆ ದೊರೆಯಿತು. ಮೂರನೆಯ ಪ್ರಬಂಧಕ್ಕೆ 1816ರ ಜನವರಿಯಲ್ಲಿ ಬಹುಮಾನ ಬಂತು. ಆಗಲೂ ತೀರ್ಪುಗಾರರ ಸಂದೇಹಗಳೆಲ್ಲ ತೀರಿರಲಿಲ್ಲ. ಆಕೆ ಬಹುಮಾನ ಸಮಾರಂಭಕ್ಕೆ ಹೋಗಲೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸೋಫಿ ಅದೇ ತಪ್ಪನ್ನು ಮೂರು ಸಲ ಮಾಡಲಿಲ್ಲ. ಪ್ರತಿಸಲವೂ ಎಲ್ಲಿ ಜಾರಿದೆನೆಂದು ಹುಡುಕಿ, ಅಲ್ಲಿಂದ ಮುಂದಕ್ಕೆ ನಡೆದಳು. ಹಟವೊಂದೇ ಇದ್ದರೆ ಲೆಕ್ಕ ಬಿಡಿಸಲಾಗದು. ಲೆಕ್ಕದ ತಿಳಿವಳಿಕೆ ಇದ್ದೂ ಮೊದಲ ಸೋಲಿಗೇ ಎದ್ದುಹೋದರೆ ಆ ತಿಳಿವಳಿಕೆ ಕೆಲಸಕ್ಕೆ ಬಾರದು. ಎರಡೂ ಕೂಡಿದಾಗಲೇ ಗಣಿತ ಒಲಿಯುತ್ತದೆ.

ಇಂದು ಸಂಜೆ ಮಗು ಪುಸ್ತಕ ಮುಚ್ಚಿದರೆ ಗದರಬೇಡಿ; ಉತ್ತರವನ್ನೂ ಹೇಳಿಕೊಡಬೇಡಿ. ಪಕ್ಕದಲ್ಲಿ ಕುಳಿತು, "ಎಲ್ಲಿಯವರೆಗೆ ಸರಿಯಾಗಿದೆ, ನೋಡೋಣ" ಎನ್ನಿ. ಮುಚ್ಚಿದ ಪುಸ್ತಕ ಮತ್ತೆ ತೆರೆಯಲು ಅಷ್ಟು ಸಾಕಾಗಬಹುದು.